ಮಳೆಮದುವೆಯ ಹೆಣ್ಣು

ನನಗೆ ಬಾಸಿಂಗ ಕಟ್ಟಿದ್ದು ಒಂದೇ ಸಲ, 1987ರ ಆಷಾಢದಲ್ಲಿ. ಆಗ ನನಗೆ 12 ವರ್ಷ. ಆಷಾಢದಲ್ಲಿ ನಮ್ಮ ಕಡೆ ಯಾರೂ ಮದುವೆಯ ಮಾತೆತ್ತುವುದಿಲ್ಲ. ಹೊಸದಾಗಿ ಬಂದ ಸೊಸೆಯನ್ನೂ ತವರಿಗೆ ಕಳಿಸಿಬಿಡುತ್ತಾರೆ. ಮಳೆಮದುವೆಗೆ ಮಾತ್ರ ಆ ಕಟ್ಟಿಲ್ಲ. ಗಂಡು ನಮ್ಮ ಹಿಂದಿನ ಬೀದಿಯ ಹುಡುಗ, ಏಳನೇ ಕ್ಲಾಸಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವನು. ಹೆಣ್ಣು ನಾನು.

ನಮ್ಮೂರು ಪಿರಿಯಾಪಟ್ಟಣಕ್ಕೂ ಕೆ.ಆರ್. ನಗರಕ್ಕೂ ನಡುವೆ ಇದೆ. ಪಡುವಲಿಗೆ ನೋಡಿದರೆ ಬೆಟ್ಟದಪುರದ ಸಿಡಿಲು ಮಲ್ಲಿಕಾರ್ಜುನನ ಬೆಟ್ಟ, ಮೂಡಲಿಗೆ ಗಾಡಿ ಹೂಡಿದರೆ ಚುಂಚನಕಟ್ಟೆ. ಕಾವೇರಿ ಅಷ್ಟು ಹತ್ತಿರ ಹರಿದರೂ ನಮ್ಮ ಹೊಲಕ್ಕೆ ಹತ್ತಿದವಳಲ್ಲ. ರಾಗಿಗೂ ಹುರುಳಿಗೂ ಹೊಗೆಸೊಪ್ಪಿಗೂ ಮುಗಿಲೇ ಗತಿ. ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಎಂದು ಕಾದು ಕೂರುವ ಊರು. ಆ ವರ್ಷ ಭರಣಿ ಬರಲಿಲ್ಲ. ರೋಹಿಣಿ ನಾಲ್ಕು ಹನಿ ಉದುರಿಸಿ ಹೋಯಿತು. ಆರಿದ್ರಾ ಬರೀ ಗಾಳಿಯಲ್ಲಿ ಕಳೆಯಿತು. ಹೊಗೆಸೊಪ್ಪಿನ ಸಸಿ ಮಡಿಯಲ್ಲೇ ಬಲಿತು ಕೂತಿತ್ತು. ಧೈರ್ಯ ಮಾಡಿ ನೆಟ್ಟವರು ಕೊಡದಲ್ಲಿ ನೀರು ಹೊತ್ತು ಬುಡಬುಡಕ್ಕೂ ಒಂದೊಂದು ಚೊಂಬು ಹುಯ್ಯುತ್ತಿದ್ದರು. 1987ರಲ್ಲಿ ದೇಶಕ್ಕೆ ದೇಶವೇ ಬರಕ್ಕೆ ಸಿಕ್ಕಿತ್ತು ಎಂದು ಆಮೇಲೆ ಓದಿ ತಿಳಿದೆ. ಆಗ ನಮಗೆ ಗೊತ್ತಿದ್ದದ್ದು ನಮ್ಮ ಬಾವಿಯ ಹಗ್ಗಕ್ಕೆ ಇನ್ನೊಂದು ಮಾರು ಗಂಟು ಹಾಕಬೇಕಾಯಿತು ಎಂಬುದಷ್ಟೆ.

ಮಳೆ ಕೇಳುವುದಕ್ಕೆ ನಮ್ಮಲ್ಲಿ ಒಂದು ಕ್ರಮವಿತ್ತು. ಮೊದಲು ಮಳೆರಾಯ. ಹುಡುಗರು ಕೆರೆಮಣ್ಣಿನಲ್ಲಿ ಮಳೆರಾಯನನ್ನು ಮಾಡಿ, ಹಲಗೆಯ ಮೇಲೆ ಕೂರಿಸಿ, ಒಬ್ಬನ ತಲೆಯ ಮೇಲೆ ಹೊರಿಸಿಕೊಂಡು ಮನೆಮನೆ ತಿರುಗುವುದು. ಮನೆಯವರು ಒಂದು ಬಿಂದಿಗೆ ನೀರು ಹುಯ್ದು, ಒಂದು ಮೊರ ಹಿಟ್ಟೋ ಅಕ್ಕಿಯೋ ಹಾಕುವುದು. ಅದಕ್ಕೂ ಮೋಡ ಕದಲದಿದ್ದರೆ ರಾಮಮಂದಿರದಲ್ಲಿ ಕುಮಾರವ್ಯಾಸನ ವಿರಾಟಪರ್ವ ಓದಿಸುವುದು. ಅದೂ ಆಗದಿದ್ದರೆ ಮದುವೆ. ಕೆಲವು ಕಡೆ ಕಪ್ಪೆಗೆ ಮಾಡುತ್ತಾರೆ, ಕೆಲವು ಕಡೆ ಕತ್ತೆಗೆ. ನಮ್ಮೂರಲ್ಲಿ ಇಬ್ಬರು ಗಂಡುಹುಡುಗರಿಗೆ.

ಸೀರೆ ಉಡಿಸಿದವರು ಬೀದಿಯ ಕೊನೇ ಮನೆಯ ಅತ್ತೆ. ಅವರದೇ ಧಾರೆಸೀರೆ, ಹಸಿರು ಒಡಲು, ಅರಿಶಿನದ ಅಂಚು, ಮಡಿಕೆಯ ಗೆರೆಗಳಲ್ಲಿ ನುಸಿಗುಳಿಗೆಯ ವಾಸನೆ. ನಾನು ಸ್ಕೂಲಿನ ಅಂಗಿಯ ಮೇಲೆಯೇ ಉಟ್ಟಿದ್ದು. ನೆರಿಗೆ ನಿಲ್ಲಲಿಲ್ಲ. ಅವರು ಬಿಚ್ಚಿ ಬಿಚ್ಚಿ ಮತ್ತೆ ಹಿಡಿದರು, ಬಾಯಲ್ಲಿ ಪಿನ್ನು ಕಚ್ಚಿಕೊಂಡು, ತಮ್ಮ ಸ್ವಂತ ಮಗಳಿಗೆ ಉಡಿಸುವಷ್ಟೇ ಕಾಳಜಿಯಿಂದ. ಕಪ್ಪು ದಾರದಲ್ಲಿ ಜಡೆ ಹೆಣೆದು ಕನಕಾಂಬರ ಮುಡಿಸಿದರು. ಅರಳಿಕಟ್ಟೆಯ ಮುಂದೆ ನೆಲ ಸಾರಿಸಿ ಚಂದ್ರಮಂಡಲ ಬರೆದಿದ್ದರು. ಹೆಣ್ಣು ಯಾವ ಕಡೆ ಕೂರಬೇಕು ಎಂದು ಒಂದು ಗಳಿಗೆ ಚರ್ಚೆಯಾಯಿತು. ಚುಂಚನಕಟ್ಟೆಯ ಕೋದಂಡರಾಮನ ಬಲಕ್ಕೆ ಸೀತಮ್ಮ ಇದ್ದಾಳೆ, ಇಲ್ಲೂ ಬಲಕ್ಕೇ ಕೂರಲಿ ಎಂದು ಯಾರೋ ಹಿರಿಯರು ತೀರ್ಮಾನ ಹೇಳಿದರು. ಹಾಗೆ ಬಲಕ್ಕೆ ಕೂತೆ. ಹೆಂಗಸರು ಸೋಬಾನೆ ಎತ್ತಿಕೊಂಡರು. ಗುಂಪಿನ ಹಿಂದಿನಿಂದ ಒಬ್ಬ ಹುಡುಗ ಶಿಳ್ಳೆ ಹಾಕಿದ. ಯಜಮಾನರು ತಿರುಗಿ ನೋಡಿ ಹೇಳಿದ ಮಾತು ನನಗೆ ಇವತ್ತಿಗೂ ನೆನಪಿದೆ: ‘ಮಳೆ ಕೇಳ್ತಾ ಕುಂತಿದೀವಿ ಕಣ್ಲಾ. ನಗಬ್ಯಾಡ.’

ಆಮೇಲೆ ಯಾರೂ ನಗಲಿಲ್ಲ.

ಆ ವರ್ಷಗಳಲ್ಲಿ ಸ್ಕೂಲಿನ ಮೈದಾನದಲ್ಲಿ ನನ್ನ ನಡಿಗೆಗೆ, ಕೈ ತಿರುಗಿಸುವ ಪರಿಗೆ ಒಂದು ಹೆಸರಿತ್ತು: ಹೆಣ್ಣಿಗ. ಬೆನ್ನ ಹಿಂದೆ ಅಲ್ಲ, ಮುಖಕ್ಕೇ ಅನ್ನುತ್ತಿದ್ದರು. ಯಾವ ನಡಿಗೆಗಾಗಿ ದಿನವೂ ಆಡಿಸಿಕೊಳ್ಳುತ್ತಿದ್ದೆನೋ ಅದೇ ನಡಿಗೆಯಲ್ಲಿ ಅವತ್ತು ಹಸೆಮಣೆಗೆ ನಡೆದು ಹೋದಾಗ ನಮ್ಮೂರ ಗಂಡಸರು ಹೆಗಲ ಟವೆಲ್ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ನಿಂತಿದ್ದರು. ಈ ಬರಹ ಬರೆಯಲು ಕೂತದ್ದೇ ಆ ಒಂದು ಗಳಿಗೆಯ ದೆಸೆಯಿಂದ.

ಇಬ್ಬರು ಹುಡುಗರೇ ಯಾಕೆ ಎಂದು ನಮ್ಮಜ್ಜಿಯನ್ನು ಕೇಳಿದ್ದೆ. ಹೆಣ್ಣುಮಗುವಿನ ಕೊರಳಿಗೆ ಆಟಕ್ಕಾದರೂ ಸರಿ, ಅರಿಶಿನದ ಕೊಂಬು ಬಿದ್ದರೆ ಅದು ಬಿದ್ದಂತೆಯೇ ಎಂದರು. ದೇವರ ಮುಂದೆ ಕಟ್ಟಿದ್ದನ್ನು ಬಿಚ್ಚುವ ಹಾಗಿಲ್ಲ. ಹುಡುಗನ ಕೊರಳಾದರೆ ಬಿಚ್ಚಬಹುದು. ಅಂದರೆ ಸುಳ್ಳಾಗಿ ಉಳಿಯಬೇಕಾದ ಮದುವೆಗೆ ಸುಳ್ಳು ಹೆಣ್ಣೇ ಬೇಕು. ಅಜ್ಜಿಯ ಈ ಲೆಕ್ಕದಲ್ಲಿ ಬಡ ಮನೆಗಳ ಭಯವಿತ್ತು, ಹೆಣ್ಣುಮಕ್ಕಳ ಬಗ್ಗೆ ಒಂದು ಬಗೆಯ ಕರುಣೆಯೂ ಇತ್ತು. ಇಬ್ಬರು ಗಂಡುಗಳ ನಡುವೆ ಕಟ್ಟಿದ್ದು ನಿಜವಾದೀತು ಎಂಬ ಅನುಮಾನ ಮಾತ್ರ ಆ ಲೆಕ್ಕದಲ್ಲಿ ಎಲ್ಲೂ ಇರಲಿಲ್ಲ.

ಇದು ನಮ್ಮೂರೊಂದರ ಕಥೆಯಲ್ಲ, ಮುಗಿದ ಕಥೆಯೂ ಅಲ್ಲ. 2023ರ ಜೂನ್‌ನಲ್ಲಿ ಮುಂಗಾರು ಕೈಕೊಟ್ಟಾಗ, ಕೆ.ಆರ್. ನಗರದ ಪಕ್ಕದ ತಾಲ್ಲೂಕಾದ ಮಂಡ್ಯ ಜಿಲ್ಲೆಯ ಕೆ.ಆರ್. ಪೇಟೆಯ ಗಂಗೇನಹಳ್ಳಿಯಲ್ಲಿ ಇಬ್ಬರು ಬಾಲಕರಿಗೆ ವಧೂವರರ ವೇಷ ಹಾಕಿ ಮದುವೆ ಮಾಡಿದರು, ಊರಿಗೆಲ್ಲ ಊಟ ಹಾಕಿದರು. ಪತ್ರಿಕೆಗಳು ಬರೆದವು, ಟಿವಿಯವರು ತೋರಿಸಿದರು. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಸರ್ಕಾರ ರಾಜ್ಯದ 195 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿತು. ಆ ಮದುವೆಯನ್ನು ವರದಿ ಮಾಡಿದ ಕೆಲವರ ದನಿಯಲ್ಲಿ ಕುಚೋದ್ಯವಿತ್ತು. ನನಗೆ ಅದು ಹಿಡಿಸಲಿಲ್ಲ. ಹೊಲ ಒಣಗುವಾಗ ಜನ ಮಾಡುವ ಪ್ರಾರ್ಥನೆಯನ್ನು ಮೈಸೂರಿನ ನಲ್ಲಿ ನೀರಿನಲ್ಲಿ ನಿಂತು ನೋಡಬಾರದು.

ವಿರಾಟಪರ್ವದ ಮಾತಿಗೆ ಬರುತ್ತೇನೆ, ಯಾಕೆಂದರೆ ಮಳೆಗೂ ವೇಷಕ್ಕೂ ಇರುವ ನಂಟು ನನಗೆ ಹೊಳೆದದ್ದು ಅಲ್ಲಿ. ಕನ್ನಡ ನಾಡಿನುದ್ದಕ್ಕೂ ಮಳೆ ಬಾರದಿದ್ದರೆ ವಿರಾಟಪರ್ವವನ್ನೇ ಓದಿಸುತ್ತಾರೆ; ಆದಿಪರ್ವವನ್ನಲ್ಲ, ಯುದ್ಧದ ಪರ್ವಗಳನ್ನಲ್ಲ. ಕಾರಣ ಕಥೆಯಲ್ಲೇ ಇದೆ. ಅಜ್ಞಾತವಾಸದಲ್ಲಿರುವ ಪಾಂಡವರನ್ನು ಹುಡುಕುವುದು ಹೇಗೆ ಎಂದು ಕೌರವರು ಕೂತು ಯೋಚಿಸುವಾಗ ಭೀಷ್ಮ ಒಂದು ಗುರುತು ಕೊಡುತ್ತಾನೆ: ಧರ್ಮರಾಯ ಇರುವ ನಾಡಿನಲ್ಲಿ ಹೊತ್ತುಹೊತ್ತಿಗೆ ಮಳೆಯಾಗುತ್ತದೆ, ಬೆಳೆ ಹುಲುಸಾಗಿರುತ್ತದೆ. ಅಂದರೆ ಮಳೆ ಬಂದ ಕಡೆ ಹೆಸರು ಮರೆಸಿಕೊಂಡವರು ಇದ್ದಾರೆ. ಆ ಪರ್ವದಲ್ಲಿ ಪಾಂಡವರಲ್ಲಿ ಒಬ್ಬನಾದರೂ ತನ್ನ ಹೆಸರಿನಲ್ಲಿ ಇಲ್ಲ. ಅರಸ ಕಂಕಭಟ್ಟನಾಗಿದ್ದಾನೆ, ಭೀಮ ಅಡುಗೆಯವನಾಗಿದ್ದಾನೆ, ದ್ರೌಪದಿ ಇನ್ನೊಬ್ಬಳ ತಲೆ ಬಾಚುತ್ತಿದ್ದಾಳೆ. ಅರ್ಜುನ ಬಳೆ ತೊಟ್ಟು, ಜಡೆ ಬಿಟ್ಟು, ಬೃಹನ್ನಳೆಯಾಗಿ ಉತ್ತರೆಗೆ ನಾಟ್ಯ ಕಲಿಸುತ್ತಿದ್ದಾನೆ. ಊರ್ವಶಿ ಕೊಟ್ಟ ಶಾಪ ಆ ಒಂದು ವರ್ಷ ಅವನನ್ನು ಕಾಯುತ್ತದೆ. ನಮ್ಮ ರಾಮಮಂದಿರದಲ್ಲಿ ಓದಿ ಅರ್ಥ ಹೇಳುತ್ತಿದ್ದ ಮೇಷ್ಟ್ರು ಬೃಹನ್ನಳೆಯ ಭಾಗ ಬಂದಾಗ ದನಿಯನ್ನು ತೆಳ್ಳಗೆ ಮಾಡುತ್ತಿರಲಿಲ್ಲ, ಇನ್ನಷ್ಟು ನಿಧಾನಿಸುತ್ತಿದ್ದರು. ಕಂಬಕ್ಕೆ ಒರಗಿ ಕೂತ ನಾನು ಉಸಿರು ಬಿಗಿಹಿಡಿದು ಕೇಳುತ್ತಿದ್ದೆ. ವರ್ಷ ತುಂಬದಿರಲಿ ಎಂದು ಬೇಡಿಕೊಳ್ಳುತ್ತಿದ್ದೆ.

ಅದೇ ಪರ್ವದಲ್ಲಿ ಕೀಚಕನ ವಧೆಯೂ ಇದೆ. ನಮ್ಮ ಊರುಗಳ ನಾಟಕದಲ್ಲಿ ಭೀಮ ಸೀರೆ ಉಟ್ಟು, ಸೆರಗು ಮರೆಮಾಡಿಕೊಂಡು, ಕತ್ತಲ ನಾಟ್ಯಶಾಲೆಯಲ್ಲಿ ಕೀಚಕನಿಗೆ ಕಾದಿರುತ್ತಾನೆ. ಮೋಹಿನಿ ಭಸ್ಮಾಸುರದ ಕಥೆಯೂ ಇದೇ ಜಾತಿಯದು: ವಿಷ್ಣು ಹೆಣ್ಣಾಗಿ ಬಂದು, ಒಲಿದವಳಂತೆ ನಟಿಸಿ, ಜೊತೆಗೆ ಕುಣಿದು, ರಾಕ್ಷಸನ ಕೈಯನ್ನು ಅವನ ತಲೆಯ ಮೇಲೇ ಇಡಿಸುವುದು. ಒಲವಿನ ನಟನೆ ನಮಗೆ ಹೊಸದಲ್ಲ. ಗಂಡು ಗಂಡಿಗೆ ಒಲಿದಂತೆ ನಟಿಸುವುದೂ ಹೊಸದಲ್ಲ. ಆ ಕಥೆಗಳನ್ನು ಪೆಟ್ರೋಮ್ಯಾಕ್ಸ್ ಬೆಳಕಿನಲ್ಲಿ ರಾತ್ರಿಯಿಡೀ ನೋಡಿ ಬೆಳೆದವರು ನಾವು.

ಕಂಪನಿ ನಾಟಕಗಳ ಕಾಲದಲ್ಲಿ ಸ್ತ್ರೀಪಾತ್ರ ಎಂದರೆ ಗಂಡಸರ ಕಸುಬು. ಹತ್ತನೇ ಚಾಮರಾಜ ಒಡೆಯರ ಆಶ್ರಯದಲ್ಲಿ 1880ರ ದಶಕದಲ್ಲಿ ಮೈಸೂರಿನ ಅರಮನೆಯ ನಾಟಕ ಸಭೆ ಬಸವಪ್ಪ ಶಾಸ್ತ್ರಿಗಳ ಶಾಕುಂತಲವನ್ನು ಆಡುವಾಗ ಶಕುಂತಲೆಯೂ ಗಂಡಸೇ. 1884ರಲ್ಲಿ ಹುಟ್ಟಿದ ಗುಬ್ಬಿ ಕಂಪನಿಯಲ್ಲೂ ಬಹುಕಾಲ ಹಾಗೆಯೇ ನಡೆಯಿತು. ಮರಾಠಿ ರಂಗದ ಬಾಲಗಂಧರ್ವರು ಉಟ್ಟ ಸೀರೆಯ ಬಗೆಯನ್ನು ಮನೆಯ ಹೆಂಗಸರು ನೋಡಿ ಕಲಿಯುತ್ತಿದ್ದರು. ಈ ಚರಿತ್ರೆಯ ಇನ್ನೊಂದು ಮಗ್ಗುಲು ನನಗೆ ಹೆಚ್ಚು ಪ್ರಿಯ. ಮೈಸೂರಿನಲ್ಲಿ 1926ರಲ್ಲಿ ಹುಟ್ಟಿದ ಆರ್. ನಾಗರತ್ನಮ್ಮನವರು 1958ರಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿದರು. ಅಲ್ಲಿ ಎಲ್ಲ ಪಾತ್ರವೂ ಹೆಂಗಸರದೇ. ನಾಗರತ್ನಮ್ಮ ಕಂಸ, ರಾವಣ, ಭೀಮ, ದುರ್ಯೋಧನರಾದರು. ನಮ್ಮಮ್ಮ ಮದುವೆಗೆ ಮುಂಚೆ ಮೈಸೂರಿನ ಚಿಕ್ಕಮ್ಮನ ಮನೆಗೆ ಹೋದಾಗ ಅವರ ಕಂಸನನ್ನು ನೋಡಿದ್ದರು. ‘ಮೀಸೆ ತಿರುವಿ ಗದೆ ಎತ್ತಿದರೆ ಮುಂದಿನ ಸಾಲಿನ ಗಂಡಸರು ಹಿಂದಕ್ಕೆ ಒರಗೋರು’ ಎಂದು ರಾಗಿ ಬೀಸುತ್ತಾ ಹೇಳುತ್ತಿದ್ದರು. ಕೇಂದ್ರ ಸರ್ಕಾರ ನಾಗರತ್ನಮ್ಮನವರಿಗೆ ಪದ್ಮಶ್ರೀ ಕೊಟ್ಟದ್ದು 2012ರಲ್ಲಿ, ಅವರು ತೀರಿಕೊಂಡ ವರ್ಷ.

ದೊಡ್ಡ ಕಂಪನಿಗಳು ದೊಡ್ಡ ಊರುಗಳಿಗೆ. ಹುಣಸೂರು, ಎಚ್.ಡಿ. ಕೋಟೆ, ಕೆ.ಆರ್. ನಗರದ ಹಳ್ಳಿಗಳಲ್ಲಿ ನಾಟಕ ಎಂದರೆ ಊರವರೇ ಬಣ್ಣ ಹಚ್ಚುವುದು. ಸುಗ್ಗಿ ಮುಗಿದ ಮೇಲೆ ನಾಟಕದ ಮೇಷ್ಟ್ರನ್ನು ಕರೆಸಿ, ಹಾರ್ಮೋನಿಯಂ ಇಟ್ಟು, ಎರಡು ಮೂರು ತಿಂಗಳು ತಾಲೀಮು. ಕುರುಕ್ಷೇತ್ರ, ದಕ್ಷಯಜ್ಞ, ರಾಜಸೂಯ ಯಾಗ. ಸೀನರಿ ಬಾಡಿಗೆಗೆ. ಈ ಕಡೆಯ ಊರುಗಳಲ್ಲಿ ಕುರುಕ್ಷೇತ್ರದ ಗೀಳು ಇನ್ನೂ ಬಿಟ್ಟಿಲ್ಲ. ಈಗ ಸ್ತ್ರೀಪಾತ್ರಕ್ಕೆ ದುಡ್ಡು ಕೊಟ್ಟು ಕಲಾವಿದೆಯರನ್ನು ಕರೆಸುತ್ತಾರೆ. ನಮ್ಮಪ್ಪನ ಕಾಲಕ್ಕೆ ಮೀಸೆ ಬಾರದ ಹುಡುಗರು, ಮೀಸೆ ಬೋಳಿಸಿದ ಗಂಡಸರು.

ನಮ್ಮ ದೊಡ್ಡಪ್ಪ ರುಕ್ಮಿಣಿ. ಇಪ್ಪತ್ತರ ಪ್ರಾಯದಿಂದ ನಲವತ್ತು ದಾಟುವವರೆಗೂ ಅವರದೇ ಆ ಪಾತ್ರ. ಟೋಪನ್ನು ಇಷ್ಟಪಡದೆ ಸ್ವಂತ ಕೂದಲು ಬಿಟ್ಟಿದ್ದರು, ಹಗಲು ಹೊತ್ತು ಅದನ್ನು ಗಂಟು ಹಾಕಿ ರುಮಾಲಿನೊಳಗೆ ಸೇರಿಸುತ್ತಿದ್ದರು. ಕೃಷ್ಣನ ಪಾತ್ರ ಅವರ ಸ್ನೇಹಿತರದು, ಪಕ್ಕದೂರಿನವರು. ಇಬ್ಬರದೂ ಎಷ್ಟು ಹೆಸರಾಗಿತ್ತೆಂದರೆ ಬೇರೆ ಊರಿನವರು ನಾಟಕ ಕಲಿತರೂ ಆ ಎರಡು ಪಾತ್ರಕ್ಕೆ ಇವರನ್ನೇ ಕೇಳಿಕೊಂಡು ಬರುತ್ತಿದ್ದರು. ಬಿಡಿಯಾಗಿ ಅಲ್ಲ. ‘ಜೋಡಿ ಬೇಕು’ ಎನ್ನುತ್ತಿದ್ದರು.

ದೊಡ್ಡಪ್ಪ ಮದುವೆಯಾಗಲಿಲ್ಲ. ಅವರ ಕೃಷ್ಣನಿಗೆ ಹೆಂಡತಿ ಮಕ್ಕಳು ಇದ್ದರು. ಅರವತ್ತರ ದಶಕದಲ್ಲಿ ನಮ್ಮ ಕಡೆ ವರ್ಜೀನಿಯಾ ಹೊಗೆಸೊಪ್ಪು ಹಬ್ಬುತ್ತಿದ್ದಾಗ ಇಬ್ಬರೂ ಸೇರಿ ಒಂದು ಬ್ಯಾರನ್ ಕಟ್ಟಿದರು. ಹೊಗೆಸೊಪ್ಪು ಬೇಯಿಸುವ ಕೆಲಸ ಒಬ್ಬರ ಕೈಯಲ್ಲಿ ಆಗುವಂಥದ್ದಲ್ಲ. ಸೊಪ್ಪನ್ನು ಕಡ್ಡಿಗೆ ಕಟ್ಟಿ, ಅಂಕಣ ಅಂಕಣಕ್ಕೆ ಏರಿಸಿ, ಬಾಗಿಲು ಮುಚ್ಚಿ ಬೆಂಕಿ ಇಟ್ಟರೆ ಐದಾರು ದಿನ ಹಗಲೂ ರಾತ್ರಿ ಕಾಯಬೇಕು. ಮೊದಲು 95, 100 ಡಿಗ್ರಿ ಫ್ಯಾರನ್‌ಹೀಟ್ ಶಾಖದಲ್ಲಿ ಸೊಪ್ಪು ಹಣ್ಣಾಗಿ ಹಳದಿ ತಿರುಗಬೇಕು. ಆಮೇಲೆ ಮೆಲ್ಲಗೆ ಏರಿಸುತ್ತಾ ಹೋಗಿ ಕೊನೆಗೆ 160ರಲ್ಲಿ ದಂಟಿನ ನೀರೂ ಆರಬೇಕು. ಒಂದು ರಾತ್ರಿ ಕಣ್ಣು ಮುಚ್ಚಿ ಬೆಂಕಿ ಇಳಿದರೆ ಇಡೀ ಬ್ಯಾರನ್ನಿನ ಸೊಪ್ಪು ಕಪ್ಪಾಗುತ್ತದೆ. ಒಬ್ಬರು ಮಲಗಿದರೆ ಒಬ್ಬರು ಎದ್ದಿರಬೇಕು. ನಾನು ಚಿಕ್ಕವನಾಗಿದ್ದಾಗ ಊಟದ ಬುತ್ತಿ ಹೊತ್ತುಕೊಂಡು ಹೋಗುತ್ತಿದ್ದೆ. ಒಲೆಯ ಬಾಯಿಯ ಕೆಂಪಿನಲ್ಲಿ ಇಬ್ಬರು ಮುದುಕರು ಕೂತು, ರುಕ್ಮಿಣಿ ಕೃಷ್ಣರ ಕಂದಪದ್ಯಗಳನ್ನು ದನಿ ತಗ್ಗಿಸಿ ಹಾಡಿಕೊಳ್ಳುತ್ತಿದ್ದರು, ನಿದ್ದೆ ಬಾರದಿರಲಿ ಎಂದು. ಬುತ್ತಿಯಲ್ಲಿ ಒಂದು ನಮ್ಮ ಮನೆಯದು, ಒಂದು ಕೃಷ್ಣನ ಹೆಂಡತಿ ಕಳಿಸಿದ್ದು. ಆಕೆ ಯಾವತ್ತೂ ಇಬ್ಬರಿಗಾಗುವಷ್ಟು ಕಟ್ಟುತ್ತಿದ್ದರು. ಆ ಹೆಂಗಸಿಗೆ ಎಷ್ಟು ಗೊತ್ತಿತ್ತು, ಗೊತ್ತಿದ್ದದ್ದರಲ್ಲಿ ಎಷ್ಟು ನೋವಿತ್ತು ಎಂದು ಈಗ ನೆನೆದುಕೊಂಡರೆ ಗಂಟಲು ಕಟ್ಟುತ್ತದೆ.

ಕೃಷ್ಣ ತೀರಿಕೊಂಡದ್ದು ಒಂದು ಸೆಪ್ಟೆಂಬರ್‌ನಲ್ಲಿ, ಬ್ಯಾರನ್ನಿಗೆ ಬೆಂಕಿ ಇಟ್ಟ ಮೂರನೇ ರಾತ್ರಿ. ಸುದ್ದಿ ಬಂದಾಗ ದೊಡ್ಡಪ್ಪ ಒಲೆಯ ಮುಂದಿದ್ದರು. ಹೊರಟರೆ ಇಬ್ಬರ ವರ್ಷದ ದುಡಿಮೆಯೂ ಹಾಳಾಗುತ್ತದೆ, ಅದರಲ್ಲಿ ಆ ಹೆಂಡತಿ ಮಕ್ಕಳ ಪಾಲೂ ಇದೆ. ಅವರು ಬೆಳಗಿನವರೆಗೆ ಒಬ್ಬರೇ ಸೌದೆ ನೂಕಿದರು. ಬೆಳಿಗ್ಗೆ ನಮ್ಮಪ್ಪ ಹೋಗಿ ಒಲೆಯ ಮುಂದೆ ಕೂತ ಮೇಲೆಯೇ ಎದ್ದು ಪಕ್ಕದೂರಿಗೆ ನಡೆದರು. ಅಲ್ಲಿ ಹೆಗಲು ಕೊಡುವವರು ಮಕ್ಕಳು, ಅಳಿಯಂದಿರು. ಇವರಿಗೆ ಯಾವ ಶಾಸ್ತ್ರವೂ ಇಲ್ಲ. ಹನ್ನೊಂದನೇ ದಿನ ದೊಡ್ಡಪ್ಪ ಕ್ಷೌರಿಕರನ್ನು ಕರೆಸಿ, ನಾಟಕ ಬಿಟ್ಟು ವರ್ಷಗಳಾದರೂ ಉಳಿಸಿಕೊಂಡಿದ್ದ ಆ ಕೂದಲನ್ನು ಪೂರ್ತಿ ತೆಗೆಸಿದರು. ಕ್ಷೌರಿಕರು ಯಾಕೆ ಎಂದು ಕೇಳಲಿಲ್ಲ. ಊರೂ ಕೇಳಲಿಲ್ಲ. ಕೇಳದಿರುವುದೇ ನಮ್ಮೂರು ಅವರಿಗೆ ತೋರಿಸಿದ ಗೌರವ. ಅದಕ್ಕಿಂತ ಹೆಚ್ಚಿನದು ಅವರಿಗೆ ಸಲ್ಲಬೇಕಿತ್ತು.

ದೊಡ್ಡಪ್ಪನನ್ನು ಇವತ್ತಿನ ಯಾವ ಹೆಸರಿನಿಂದಲೂ ಕರೆಯಲು ನನಗೆ ಮನಸ್ಸಿಲ್ಲ. ಅವರು ತಮ್ಮನ್ನು ಹಾಗೆ ಕರೆದುಕೊಂಡವರಲ್ಲ. ಸೀರೆ ಉಟ್ಟು ಪಾತ್ರ ಮಾಡಿದ ಗಂಡಸರಲ್ಲಿ ಬಹುಪಾಲು ಜನ ಬೆಳಿಗ್ಗೆ ಬಣ್ಣ ತೊಳೆದು ಹೆಂಡತಿ ಮಕ್ಕಳ ಹತ್ತಿರ ಹೋದವರೇ. ಆದರೆ ಬಣ್ಣ ತೊಳೆದ ಮೇಲೂ ಏನೋ ಉಳಿಯುತ್ತಿದ್ದ ಒಬ್ಬಿಬ್ಬರು ಪ್ರತಿ ಊರಲ್ಲೂ ಇದ್ದರು. ಅವರಿಗೆ ನಾಟಕದ ರಾತ್ರಿ ಒಂದು ನೆರಳಾಗಿತ್ತು. ಸುಳ್ಳು ಎಂದು ಎಲ್ಲರೂ ಒಪ್ಪಿಕೊಂಡ ಜಾಗದಲ್ಲಿ ನಿಂತು ಅವರು ನಿಜ ಹೇಳುತ್ತಿದ್ದರು.

1998ರ ಮೇ ತಿಂಗಳಲ್ಲಿ, ಆಗ ತಾನೇ ಕೆಲಸಕ್ಕೆ ಸೇರಿದ್ದ ನಾನು, ಹುಣಸೂರಿನಿಂದ ಗೋಣಿಕೊಪ್ಪದ ಬಸ್ಸು ಹತ್ತಿದೆ. ಪಿರಿಯಾಪಟ್ಟಣ ತಾಲ್ಲೂಕಿನ ಪಂಚವಳ್ಳಿ ಕಳೆದು, ಆನೆಚೌಕೂರಿನ ಕಾಡು ದಾಟಿದರೆ ತಿತಿಮತಿ, ಅಲ್ಲಿಂದ ಮುಂದೆ ದೇವರಪುರ. ಅಲ್ಲಿನ ಅಯ್ಯಪ್ಪ ಭದ್ರಕಾಳಿಯರ ಗುಡಿಯಲ್ಲಿ ಮೇ ಕೊನೆಗೆ ಕುಂಡೆ ಹಬ್ಬ. ಬೇಡು ಹಬ್ಬ ಎಂದೂ ಹೇಳುತ್ತಾರೆ. ಜೇನುಕುರುಬ, ಬೆಟ್ಟಕುರುಬ ಮುಂತಾದ ಕಾಡಿನ ಮಕ್ಕಳು ಕಾಫಿ ತೋಟದ ಲೈನ್‌ಮನೆಗಳಿಂದ, ಕಾಡಂಚಿನ ಹಾಡಿಗಳಿಂದ ಬರುತ್ತಾರೆ. ಗಂಡಸರು ಸೀರೆ, ರವಿಕೆ ತೊಟ್ಟು, ಮುಖಕ್ಕೆ ಬಣ್ಣ ಬಳಿದು, ಡಬ್ಬ ಬಡಿಯುತ್ತಾ ರಸ್ತೆಯಲ್ಲಿ ಹೋಗಿಬರುವವರನ್ನು ತಡೆದು ಕಾಸು ಬೇಡುತ್ತಾರೆ. ದೇವರಿಂದ ಹಿಡಿದು ದೊರೆಯವರೆಗೆ ಯಾರನ್ನು ಬೇಕಾದರೂ ಬಾಯಿಗೆ ಬಂದಂತೆ ಬೈಯುತ್ತಾರೆ. ಆ ಬೈಗುಳಕ್ಕೆ ಒಂದು ಕಥೆಯಿದೆ. ಅಯ್ಯಪ್ಪ ಇವರನ್ನು ಬೇಟೆಗೆಂದು ಕಾಡಿಗೆ ಕರೆದುಕೊಂಡು ಹೋದನಂತೆ. ನಡುವೆ ಭದ್ರಕಾಳಿ ಕಂಡಳು. ಅವಳ ಹಿಂದೆ ಹೋದವನು ಇವರನ್ನು ಕಾಡಿನಲ್ಲೇ ಮರೆತುಬಿಟ್ಟ. ಕೈಬಿಟ್ಟು ಹೋದ ದೇವರನ್ನು ವರ್ಷಕ್ಕೊಂದು ದಿನ ಬೈದು, ಸಂಜೆಗೆ ತಪ್ಪಾಯಿತು ಎಂದು ಬೇಡಿಕೊಳ್ಳುವುದು ಈ ಹಬ್ಬ. ಮೋಹಿನಿಯ ವೇಷ ತೊಟ್ಟ ವಿಷ್ಣುವಿನ ಮಗ ಎಂದು ನಾಡು ನಂಬಿದ ದೇವರನ್ನು ಸೀರೆ ಉಟ್ಟ ಗಂಡಸರೇ ನಿಲ್ಲಿಸಿ ಕೇಳುತ್ತಾರೆ.

ಇದನ್ನು ನಾನು ನನ್ನ ಕಥೆಗೆ ಒಗ್ಗಿಸಿಕೊಳ್ಳಲಾರೆ. ಕಾಡನ್ನು ಕಳೆದುಕೊಂಡು, ನಾಗಾಪುರದಂಥ ಪುನರ್ವಸತಿ ಕೇಂದ್ರಗಳಿಗೂ ತೋಟದ ಕೂಲಿಗೂ ಬಂದು ಬಿದ್ದ ಜನರ ಸಿಟ್ಟು ಅದು. ಅದರ ಒಡೆತನ ಅವರದು. ಆದರೂ ಅವತ್ತು ಕಂಡದ್ದನ್ನು ಹೇಳಬೇಕು. ಸಂಜೆ ರಸ್ತೆ ಬದಿಯ ಕೊಳಾಯಿಯಲ್ಲಿ ಒಬ್ಬಾತ ಮುಖ ತೊಳೆದು, ಸೀರೆ ಬಿಚ್ಚಿ, ಕೊಡವಿ, ಎರಡು ಕೈಯಗಲಿಸಿ ಗದ್ದದಡಿ ಸೆರಗು ಸಿಕ್ಕಿಸಿಕೊಂಡು ನೀಟಾಗಿ ಮಡಿಚುತ್ತಿದ್ದ. ಹೆಂಡತಿಯ ಸೀರೆಯಂತೆ, ಕೊಳೆಯಾದರೆ ಬಯ್ಯುತ್ತಾಳಂತೆ. ಅವನಿಂದ ಹತ್ತು ಮಾರು ದೂರದಲ್ಲಿ, ಮೈಲಿಗಲ್ಲಿನ ಮೇಲೆ, ಇನ್ನೊಬ್ಬ ಯುವಕ ಕೂತಿದ್ದ. ಎಲ್ಲರೂ ತೊಳೆದುಕೊಂಡರೂ ಅವನು ಕಾಡಿಗೆ ಒರೆಸಿಕೊಳ್ಳಲಿಲ್ಲ, ಬಳೆ ಕಳಚಲಿಲ್ಲ. ಬಸ್ಸಿನ ಸದ್ದು ಕೇಳುವವರೆಗೂ ಹಾಗೆಯೇ ಕೂತಿದ್ದ. ಬಸ್ಸು ತಿರುವಿನಲ್ಲಿ ಕಂಡ ಮೇಲೆ ಒಂದೊಂದಾಗಿ ಬಳೆ ತೆಗೆದು ಜೇಬಿಗೆ ಹಾಕಿಕೊಂಡ. ಅವನೊಡನೆ ಮಾತಾಡುವ ಧೈರ್ಯ ನನಗೆ ಆಗ ಇರಲಿಲ್ಲ.

ನನ್ನ ಬಗ್ಗೆ ನಾನು ಓದಿದೆ ಅನ್ನಿಸಿದ ಮೊದಲ ಕನ್ನಡ ಪುಸ್ತಕ ವಸುಧೇಂದ್ರರ ‘ಮೋಹನಸ್ವಾಮಿ’. 2013ರಲ್ಲಿ ಬಂತು. ಆಗ ನನಗೆ 38. ಪುಸ್ತಕಕ್ಕೆ ಪೇಪರಿನ ಹೊದಿಕೆ ಹಾಕಿ ಬೀರುವಿನಲ್ಲಿ ಹಿಂದಿನ ಸಾಲಿಗೆ ಸೇರಿಸಿಟ್ಟಿದ್ದೆ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು 377ನೇ ಕಲಮಿನ ಭಾರವನ್ನು ನಮ್ಮಂಥವರ ಹೆಗಲಿನಿಂದ ಇಳಿಸಿದ ಸಂಜೆ ಹೊದಿಕೆ ತೆಗೆದು ಮುಂದಿನ ಸಾಲಿಗೆ ತಂದಿಟ್ಟೆ. ಅದೇ ವಾರ ಊರಿಗೆ ಹೋಗಿ, ನನ್ನ ಮಳೆಮದುವೆಯ ಗಂಡಿಗೆ, ಈಗ ಎರಡು ಮಕ್ಕಳ ತಂದೆ, ಹೊಗೆಸೊಪ್ಪಿನ ಬೆಳೆಗಾರ, ಅವನಿಗೆ ಎಲ್ಲ ಹೇಳಿದೆ. ಅವನು ಬ್ಯಾರನ್ನಿನ ಕಿಂಡಿಯ ಗಾಜಿನಲ್ಲಿ ಶಾಖ ನೋಡುತ್ತಾ ನಿಂತಿದ್ದ. ‘ನಂಗೊತ್ತಿಲ್ವೇನೋ’ ಎಂದು ಒಂದು ಸೌದೆ ಒಳಕ್ಕೆ ನೂಕಿದ.

ಈಚೆಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಒಂದು ಇಂಗ್ಲಿಷ್ ಕಾದಂಬರಿ ತಂದುಕೊಟ್ಟ. ಅಲೆಕ್ಸಿಸ್ ಹಾಲ್ ಬರೆದ ‘ಬಾಯ್‌ಫ್ರೆಂಡ್ ಮೆಟೀರಿಯಲ್’, 2020ರದು. ಲಂಡನ್ನಿನ ಇಬ್ಬರು ಯುವಕರು. ಒಬ್ಬ ಹೆಸರಾಂತ ಗಾಯಕನ ಮಗ, ಸಗಣಿಹುಳುಗಳ ಉಳಿವಿಗಾಗಿ ದೇಣಿಗೆ ಎತ್ತುವ ಸಂಸ್ಥೆಯಲ್ಲಿ ಕೆಲಸ. ಪತ್ರಿಕೆಗಳಲ್ಲಿ ಹೆಸರು ಕೆಡಿಸಿಕೊಂಡದ್ದರಿಂದ ಮರ್ಯಾದಸ್ಥ ಸಂಗಾತಿಯೊಬ್ಬನನ್ನು ತೋರಿಸಬೇಕಾಗಿದೆ. ಇನ್ನೊಬ್ಬ ವಕೀಲ, ತಂದೆತಾಯಿಯ ಮದುವೆಯ ವಾರ್ಷಿಕೋತ್ಸವಕ್ಕೆ ಅವನಿಗೂ ಜೊತೆಗೊಬ್ಬ ಬೇಕು. ಇಬ್ಬರೂ ಪ್ರೇಮಿಗಳಂತೆ ನಟಿಸುವ ಒಪ್ಪಂದ ಮಾಡಿಕೊಳ್ಳುತ್ತಾರೆ. ನಟನೆ ಯಾವ ದಿನ ನಿಜವಾಯಿತೋ ಅವರಿಗೇ ತಿಳಿಯುವುದಿಲ್ಲ. ಇಂಥ ಕಥೆಗಳಿಗೆ ಈಗ ಹುಡುಗ ಹುಡುಗಿಯರು ಮುಗಿಬೀಳುತ್ತಾರಂತೆ. ನಾನು ಎರಡು ರಾತ್ರಿಯಲ್ಲಿ ಓದಿ ಮುಗಿಸಿದೆ, ನಗುವ ಕಡೆ ನಕ್ಕೆ. ಕೊನೆಯ ಪುಟ ಮುಚ್ಚಿದಾಗ ಕಣ್ಣ ಮುಂದೆ ನಿಂತದ್ದು ದೊಡ್ಡಪ್ಪ ಮತ್ತು ಅವರ ಕೃಷ್ಣ. ಅವರೂ ಊರೂರಿಗೆ ಹೋಗಿ ಗಂಡಹೆಂಡಿರಂತೆ ನಟಿಸಿದರು. ನಟನೆ ನಿಜವಾದ ಮೇಲೆ ಮುಂದೆ ಹೋಗಲು ಅವರಿಗೆ ಬ್ಯಾರನ್ನಿನ ಒಲೆಯೊಂದನ್ನು ಬಿಟ್ಟು ಬೇರೆ ಜಾಗವಿರಲಿಲ್ಲ.

2023ರ ಅಕ್ಟೋಬರ್ 17, ಮಂಗಳವಾರ. ಗಂಗೇನಹಳ್ಳಿಯ ಮಳೆಮದುವೆಯಾಗಿ ನಾಲ್ಕು ತಿಂಗಳಾಗಿತ್ತು. ಗಂಡುಗಂಡಿಗೆ, ಹೆಣ್ಣುಹೆಣ್ಣಿಗೆ ಮದುವೆಯಾಗುವ ಹಕ್ಕು ಈಗಿನ ಕಾನೂನಿನಲ್ಲಿ ಇಲ್ಲ, ಬೇಕಾದರೆ ಶಾಸನಸಭೆ ಕೊಡಬೇಕು ಎಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಹೇಳಿತು. ಇದು ನಮ್ಮ ಸಂಸ್ಕೃತಿಯಲ್ಲಿ ಕಂಡು ಕೇಳರಿಯದ್ದು ಎಂದು ಟಿವಿಯಲ್ಲಿ ಕೂತವರು ಅಂದು ರಾತ್ರಿ ಹೇಳಿದರು. ನಾನು ಟಿವಿ ಆರಿಸಿದೆ. ಕಂಡವರು ನಾವು ಇದ್ದೇವೆ, ಕೇಳಿದವರೂ ಇದ್ದೇವೆ. ನಮ್ಮ ಹಿರಿಯರು ಟವೆಲ್ ತೆಗೆದು ನಿಂತಿದ್ದರು, ಹೆಂಗಸರು ಸೋಬಾನೆ ಹಾಡಿದ್ದರು. ಬಿಚ್ಚಬಹುದು ಎಂಬ ಷರತ್ತಿನ ಮೇಲೆ ಕಟ್ಟಿದ್ದರು, ನಿಜ. ಆ ಷರತ್ತೊಂದನ್ನು ತೆಗೆಯಿರಿ ಎಂದಷ್ಟೇ ನಾವು ಕೇಳುತ್ತಿರುವುದು.

ನಮ್ಮಮ್ಮನಿಗೆ ಈಗ ಎಂಬತ್ತರ ಹತ್ತಿರ. ಬೀದಿಯ ಯಾವ ಮದುವೆಗೂ ಮುಯ್ಯಿ ತಪ್ಪಿಸಿದವರಲ್ಲ. ನಮ್ಮ ಕಡೆ ಮುಯ್ಯಿ ಎಂದರೆ ಸಾಲ, ಮರ್ಯಾದೆಯ ಸಾಲ. ಇವತ್ತು ಅವರ ಮನೆಗೆ ಹಾಕಿದ್ದು ನಾಳೆ ನಮ್ಮ ಮನೆಗೆ ತಿರುಗಿ ಬರಬೇಕು. ಒಬ್ಬನೇ ಮಗ ನಾನು. ಅಮ್ಮ ಹಾಕಿದ ಮುಯ್ಯಿ ಒಂದೂ ಇವತ್ತಿನವರೆಗೆ ತಿರುಗಿ ಬಂದಿಲ್ಲ. ಅವರು ಅದರ ಮಾತನ್ನು ಒಮ್ಮೆಯೂ ಎತ್ತಿಲ್ಲ.

ಆ ಮಂಗಳವಾರ ರಾತ್ರಿ ಊರಿನಿಂದ ಫೋನು ಬಂತು. ಅವನೇ, ನನ್ನ ಮಳೆಮದುವೆಯ ಗಂಡು.

‘ಕೋರ್ಟಿನೋರು ಆಗಕಿಲ್ಲ ಅಂದ್ರಂತೆ.’

‘ಹೌದು ಕಣೋ.’

ಸ್ವಲ್ಪ ಹೊತ್ತು ಇಬ್ಬರೂ ಮಾತಾಡಲಿಲ್ಲ. ಆಮೇಲೆ, ‘ಇರು’ ಎಂದ. ಪೆಟ್ಟಿಗೆ ಎಳೆದ ಸದ್ದು ಕೇಳಿಸಿತು. 1987ರಲ್ಲಿ ನಮ್ಮ ಮಳೆಮದುವೆಯ ಊಟಕ್ಕೆ ಊರವರು ಹಾಕಿದ ಮುಯ್ಯಿಯನ್ನು ಅವರಪ್ಪ ಅವನ ಏಳನೇ ಕ್ಲಾಸಿನ ಗಣಿತದ ನೋಟ್‌ಪುಸ್ತಕದ ಕೊನೇ ಹಾಳೆಗಳಲ್ಲಿ ಬರೆದಿಟ್ಟಿದ್ದರು, ಎಲ್ಲ ಮದುವೆಗಳಲ್ಲಿ ಬರೆಯುವ ಹಾಗೆ. ಅದು ಇನ್ನೂ ಅವನ ಮನೆಯಲ್ಲಿದೆ ಎಂದು ನನಗೆ ಗೊತ್ತಿರಲಿಲ್ಲ. ಅವನು ಒಂದೊಂದೇ ಸಾಲು ಓದತೊಡಗಿದ. ಮೇಗಲ ಮನೆ, ಎರಡು ಸೇರು ರಾಗಿ. ಬಾವಿ ಮನೆ, ಒಂದು ಸೇರು ಅಕ್ಕಿ, ಎಂಟಾಣೆ. ಕಂಬದ ಮನೆ, ಬೆಲ್ಲ ಒಂದು ಅಚ್ಚು. ಕೊನೇ ಮನೆ ಅತ್ತೆ, ಒಂದು ರೂಪಾಯಿ, ಸೀರೆ ಬೇರೆ. ಬ್ಯಾರನ್ ಮನೆ ಇಬ್ಬರದೂ ಸೇರಿ, ಐದು ರೂಪಾಯಿ.